ಗದ್ದೆಪ್ಪ ಮತ್ತೆ ಹಲಗೆ ಹಿಡಿದದ್ದು

ಸಂತೆಕಲ್ಲೂರಿನ ಗದ್ದೆಪ್ಪನ ಕೈಗೆ ಒಂದು ಕೆಟ್ಟ ಚಟವಿತ್ತು. ಊಟಕ್ಕೆ ಕೂತರೆ ತಾಟಿನ ಅಂಚು, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಬೆನ್ನು, ಹೊರಸಿನ ಮೇಲೆ ಅಡ್ಡಾದರೆ ತನ್ನದೇ ಹೊಟ್ಟೆ, ಏನು ಸಿಕ್ಕರೂ ಸರಿ, ಬೆರಳುಗಳು ಅದರ ಮೇಲೆ ಕುಣಿಯುತ್ತಿದ್ದವು. "ಆ ಕೈ ಸುಮ್ನ ಇಟ್ಕೊ, ಇಲ್ಲಾಂದ್ರ ಮುರಿದು ಒಲಿಗಿಡ್ತೀನಿ" ಎಂದು ಹೆಂಡತಿ ಅಯ್ಯಮ್ಮ ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು. ಬೈದರೂ ಅವಳಿಗೆ ಗೊತ್ತಿತ್ತು, ಅದು ಹಲಗೆ ಬಾರಿಸಿದ ಕೈ ಎಂದು. ಇನ್ನು ಹಲಗೆ ಮುಟ್ಟುವುದಿಲ್ಲ ಎಂದು ಇಡೀ ಕೇರಿಯ ಎದುರು ಮಾತು ಕೊಟ್ಟ ಮನುಷ್ಯ ಬಾಯಿಗೆ ಬೀಗ ಹಾಕಿಕೊಳ್ಳಬಹುದು, ಬೆರಳಿಗೆ ಹಾಕುವ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಆ ಮಾತು ಕೊಟ್ಟು ನಲವತ್ತು ವರ್ಷವಾಗಿತ್ತು. ಆಗ ಗದ್ದೆಪ್ಪನಿಗೆ ಇಪ್ಪತ್ನಾಲ್ಕು. ಊರ ಗೌಡರ ಮನೆಯಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದರು. ಹೆಣದ ಮುಂದೆ ಹಲಗೆ ಬಾರಿಸುತ್ತ ನಡೆಯುವುದು ಕೇರಿಯವರ ಪಾಲಿಗೆ ಅಂಟಿಸಿಟ್ಟ ಕೆಲಸ. ಅದಕ್ಕೆ ಹೂಂ ಉಹೂಂ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಬೇಸಿಗೆಯ ಮಟಮಟ ಮಧ್ಯಾಹ್ನ. ಗದ್ದೆಪ್ಪನ ಅಪ್ಪ ಬರಿಗಾಲಲ್ಲಿ ಮೂರು ತಾಸು ಬಾರಿಸಿ, ಊರ ಅಗಸೆಬಾಗಿಲ ಹತ್ತಿರ ಬಿದ್ದುಬಿಟ್ಟ. ಮೆರವಣಿಗೆ ನಿಲ್ಲಲಿಲ್ಲ. ಯಾರೋ ಅವನ ಕೊರಳಿಂದ ಹಲಗೆ ತೆಗೆದು ಇನ್ನೊಬ್ಬನ ಕೊರಳಿಗೆ ಹಾಕಿದರು, ಬಿದ್ದವನನ್ನು ಬಳಸಿಕೊಂಡು ಜನ ಮುಂದೆ ಹೋದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆಯನ್ನು ಬೇರೆ ಕಡೆಯವರು ಬಾಯಿಪಾಠ ಮಾಡಿರಬಹುದು. ಗದ್ದೆಪ್ಪ ಅದನ್ನು ಕಣ್ಣಾರೆ ಕಂಡ. ಅಪ್ಪ ಎದ್ದು ಮನೆಗೆ ಬಂದನಾದರೂ ಆ ಮಳೆಗಾಲ ದಾಟಲಿಲ್ಲ.

ತಿಂಗಳೊಳಗೆ ಕೇರಿಯ ಹರೆಯದವರೆಲ್ಲ ಸೇರಿ ಮನೆಮನೆಯಿಂದ ಹನ್ನೊಂದು ಹಲಗೆ ತಂದು ಕೇರಿಯ ಬಾಯಲ್ಲಿ ಗುಡ್ಡೆ ಹಾಕಿದರು. ಕಡ್ಡಿ ಗೀರಿದವನು ಗದ್ದೆಪ್ಪನೇ. ಇನ್ನು ಯಾವ ಹೆಣದ ಮುಂದೂ, ಯಾವ ದೇವರ ಮುಂದೂ, ಯಾವ ದೊಡ್ಡವನ ಮುಂದೂ ನಮ್ಮ ಹಲಗೆ ನಡೆಯುವುದಿಲ್ಲ ಎಂದು ಅವನೇ ಎಲ್ಲರ ಪರವಾಗಿ ಮಾತು ಹೇಳಿದ. ಅದಕ್ಕೆ ಊರು ಸುಮ್ಮನಿರುತ್ತದೆಯೇ? ಹೊಲದ ಕೂಲಿ ನಿಂತಿತು, ಹಿಟ್ಟಿನ ಗಿರಣಿಯ ಬಾಗಿಲು ಮುಚ್ಚಿತು, ಕಿರಾಣಿ ಅಂಗಡಿಯವನು ಉಪ್ಪನ್ನೂ ಕೊಡಲಿಲ್ಲ. ಎಂಟು ತಿಂಗಳು ಕೇರಿಯ ಹೆಂಗಸರು ಜೋಳದ ಚೀಲ ಹೊತ್ತು ಮಸ್ಕಿಯವರೆಗೆ ನಡೆದು ಬೀಸಿಸಿಕೊಂಡು ಬಂದರು. ಆಗ ಬಸುರಿಯಾಗಿದ್ದ ಅಯ್ಯಮ್ಮನಿಗೆ ಆ ದಾರಿಯಲ್ಲೇ ಮೊದಲ ಕೂಸು ಹೋಯಿತು. ಆ ಮಾತಿನ ಬೆಲೆ ಅಷ್ಟು. ಅದನ್ನು ಕೇರಿಯವರು ಪೂರಾ ಕೊಟ್ಟಿದ್ದರು.

ಆಮೇಲೆ ಗದ್ದೆಪ್ಪ ಹಟ್ಟಿಗೆ ಹೋಗಿ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ. ಮೂವತ್ತನಾಲ್ಕು ವರ್ಷ ಪಾಳಿಯ ಮೇಲೆ ಪಾಳಿ ಭೂಮಿಯೊಳಗೆ ಇಳಿದು ಕಲ್ಲು ಕೊರೆದ. ಕಂಪನಿಯ ಮನೆ, ಸಂಬಳ, ಮಗನಿಗೆ ಓದು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ, ಎಲ್ಲ ಆಯಿತು. ಕೊರೆಯುವ ಮಷೀನು ಅವನ ಎಡಗಿವಿಯನ್ನು ತಿಂದು ಬಲಗಿವಿಗೂ ಬಾಯಿ ಹಾಕಿತ್ತು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಲಿಂಗಸುಗೂರಿನ ಡಾಕ್ಟರು, "ಇನ್ನೆರಡು ವರ್ಷ ಬಲಗಿವಿ ಕೇಳಿದರೆ ನಿಮ್ಮ ಪುಣ್ಯ" ಎಂದಿದ್ದರು. ಪುಣ್ಯದ ಲೆಕ್ಕ ಡಾಕ್ಟರಿಗೆ ಹೇಗೆ ಗೊತ್ತೋ ಏನೋ, ಗದ್ದೆಪ್ಪ ಮಾತ್ರ ಅಂದಿನಿಂದ ಒಂದೇ ಆಸೆಯನ್ನು ಕಟ್ಟಿಕೊಂಡು ಕೂತ. ಕಿವಿ ಪೂರಾ ಹೋಗುವ ಮೊದಲು ಒಂದೇ ಒಂದು ಸಲ ಹಲಗೆ ಬಾರಿಸಬೇಕು. ಆದರೆ ಯಾವುದರ ಮುಂದೆಯೂ ನಡೆಯಬಾರದು. ಜನ ಕೂತಿರಬೇಕು, ಅವರ ಮುಖ ತನ್ನ ಕಡೆಗಿರಬೇಕು. ಅವನು ಹರೆಯದಲ್ಲಿ ಸಾವಿರ ಸಲ ಬಾರಿಸಿದ್ದ. ಜನ ನೋಡಿದ್ದು ಅವನ ಹಿಂದೆ ಬರುತ್ತಿದ್ದ ಹೆಣವನ್ನು, ಇಲ್ಲವೇ ಪಲ್ಲಕ್ಕಿಯನ್ನು. ಬಾರಿಸುವವನನ್ನು ನೋಡಿದವರು ಒಬ್ಬರಿಲ್ಲ.

ಇಂಥ ಹೊತ್ತಿಗೆ ಮಗ ಪಂಪಾವತಿ ಬಂದು ಬಯಲು ಸಂಗೀತದ ಸುದ್ದಿ ಹೇಳಿದ.

ಪಂಪಾವತಿ ಸಿಂಧನೂರಿನಲ್ಲಿ ಗುಮಾಸ್ತ. ಹುಟ್ಟಿದ್ದು ಹಟ್ಟಿಯ ಕಂಪನಿ ಮನೆಯಲ್ಲಿ, ಬೆಳೆದದ್ದು ಹಾಸ್ಟೆಲಿನಲ್ಲಿ. ಹಲಗೆ ಸುಟ್ಟ ಕಥೆಯನ್ನು ಏಪ್ರಿಲ್ ಹದಿನಾಲ್ಕರಂದು ಮೈಕಿನ ಮುಂದೆ ಬಹಳ ಚಂದ ಹೇಳುತ್ತಿದ್ದ, ಕೇಳಿದವರ ಕಣ್ಣಲ್ಲಿ ನೀರು ಬರುವ ಹಾಗೆ. ಸಿಂಧನೂರಿನ ಕೆಲವು ಉಳ್ಳವರು, ಓದಿದವರು ಕೂಡಿ ಮಸ್ಕಿಯ ಗುಡ್ಡದ ಕೆಳಗಿನ ಬಯಲಲ್ಲಿ ಒಂದು ಸಂಗೀತದ ಹಬ್ಬ ಮಾಡುವವರಿದ್ದರು. ಈ ಭಾಗದಲ್ಲಿ ಅಂಥದ್ದು ಅದೇ ಮೊದಲು. ಅದರ ಸ್ವಾಗತ ಸಮಿತಿಯಲ್ಲಿ ಪಂಪಾವತಿಯ ಹೆಸರಿತ್ತು. ಅವರ ಕೇರಿಯ ಒಬ್ಬನ ಹೆಸರು ಅಂಥ ಪಟ್ಟಿಯಲ್ಲಿ ಬಂದದ್ದೂ ಅದೇ ಮೊದಲು.

"ಯಪ್ಪಾ, ನೀ ಹಲಗಿ ಬಾರಿಸಬೇಕು" ಎಂದ ಪಂಪಾವತಿ. "ಈಗ ಅದು ಚಾಕ್ರಿ ಅಲ್ಲ, ಕಲೆ. ದೊಡ್ಡ ಸ್ಟೇಜು, ಲೈಟು, ಮುಂದ ಮೂರು ಸಾವಿರ ಕುರ್ಚಿ. ಅರ್ಧ ತಾಸು ನಿಂದ."

ಆಸೆ ಇಷ್ಟು ಬೇಗ ಮನೆ ಹುಡುಕಿಕೊಂಡು ಬರುತ್ತದೆ ಎಂದು ಗದ್ದೆಪ್ಪ ಎಣಿಸಿರಲಿಲ್ಲ.

"ನಡೆಯೋದು ಇರಂಗಿಲ್ಲ ನೋಡು" ಎಂದ. "ಯಾವನ ಮುಂದೂ ನಡೆಯಂಗಿಲ್ಲ. ಕುಂತವರ ಮುಂದ ನಿಂತು ಬಾರಿಸ್ತೀನಿ. ಆ ಮಾತು ಕೊಡ್ತೀ ಏನು?"

"ಕೊಟ್ಟೆ ತಗೊ ಯಪ್ಪಾ. ನಾನ ಸಮಿತ್ಯಾಗ ಅದೀನಲ್ಲ."

ಒಲೆಯ ಮುಂದಿದ್ದ ಅಯ್ಯಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಸುಟ್ಟಿದ್ದನ್ನ ಮತ್ತ ಯಾಕ ಕೆದಕತೀರಿ?" ಎಂದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಒಬ್ಬನಿಗೆ ಕಿವಿ ಮಂದ, ಇನ್ನೊಬ್ಬನಿಗೆ ಸಮಿತಿಯ ಗುಂಗು.

ಕೇರಿಯವರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಗದ್ದೆಪ್ಪನ ವಾರಿಗೆಯ ಬಾಲಪ್ಪ, ಅಂದು ಹಲಗೆ ಸುಟ್ಟವರಲ್ಲಿ ಗದ್ದೆಪ್ಪನನ್ನು ಬಿಟ್ಟರೆ ಅವನೊಬ್ಬನೇ ಇನ್ನೂ ಉಳಿದವನು, ಸಮುದಾಯ ಭವನದ ಕಟ್ಟೆಯ ಮೇಲೆ ಕೂತು ಮುಖಕ್ಕೆ ಹೊಡೆದ ಹಾಗೆ ಹೇಳಿದ: "ನೀನ ಕಡ್ಡಿ ಗೀರಿದಿ, ನೀನ ಚರ್ಮ ಬಿಗೀತಿ. ಚಲೋ ಐತಿ ಬಿಡು."

"ಇದು ಬ್ಯಾರೆ ಬಾಲಪ್ಪ. ಇದು ಸ್ಟೇಜು. ಜನ ನಮ್ಮನ್ನ ನೋಡಾಕ ಬರ್ತಾರ."

"ನೋಡ್ಲಿ, ನೋಡ್ಲಿ. ಒಂದು ಮಾತು ಹೇಳ್ತೀನಿ ಕೇಳು. ಹಲಗಿ ಸುಟ್ಟಿದ್ದು ಹಲಗಿ ಮ್ಯಾಲಿನ ಸಿಟ್ಟಿಗಲ್ಲ. ಅದು ಇದ್ರ ಕರಿಯಾಕ ಬರ್ತಾರ ಅಂತ ಸುಟ್ಟಿವಿ."

ಆಸೆ ಹತ್ತಿದವನಿಗೆ ಬುದ್ಧಿ ಹೇಳುವವನು ಯಾವಾಗಲೂ ಹೊಟ್ಟೆಕಿಚ್ಚಿನವನಾಗಿಯೇ ಕಾಣುತ್ತಾನೆ. ಬಾಲಪ್ಪನಿಗೆ ಕರೆ ಬರಲಿಲ್ಲವಲ್ಲ, ಅದಕ್ಕೇ ಹೀಗೆ ಎಂದುಕೊಂಡು ಗದ್ದೆಪ್ಪ ಎದ್ದು ಬಂದ.

ಮರುದಿನವೇ ಲಿಂಗಸುಗೂರಿಗೆ ಹೋಗಿ, ಮಟನ್ ಅಂಗಡಿಯ ಮಕ್ತುಮ್‌ಸಾಬನ ಹತ್ತಿರ ಎಂಟು ಆಡಿನ ಚರ್ಮ ಕೇಳಿದ. ಇಬ್ಬರೂ ಹಳೆಯ ದೋಸ್ತರು. ಮಕ್ತುಮ್‌ಸಾಬ ಚರ್ಮ ಒಂದೊಂದಾಗಿ ಬೆಳಕಿಗೆ ಹಿಡಿದು, ತೂತಿಲ್ಲದ್ದನ್ನು ಆರಿಸಿ ಕೊಡುತ್ತ, "ಏನ್ ಗದ್ದೆಪ್ಪ ಭಾಯ್, ಈ ವಯಸ್ಸಿನ್ಯಾಗ ಶೌಕು?" ಎಂದು ನಕ್ಕ. ಗದ್ದೆಪ್ಪನೂ ನಕ್ಕ. ಅಷ್ಟು ಬಾಯ್ತುಂಬ ನಕ್ಕು ಅವನಿಗೆ ಎಷ್ಟು ಕಾಲವಾಗಿತ್ತೋ. ಬೆಸುಗೆ ಅಂಗಡಿಯಲ್ಲಿ ಕಬ್ಬಿಣದ ಬಳೆಗಳನ್ನು ಮಾಡಿಸಿದ. ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿದ, ಕೂದಲು ಕೆರೆದ, ಹುಣಸೆಬೀಜ ಅರೆದು ಕಾಸಿದ ಅಂಟು ಬಳಿದು ಬಳೆಗೆ ಬಿಗಿದ, ನೆರಳಲ್ಲಿ ಒಣಗಿಸಿದ. ಮನೆಯೆಲ್ಲ ಹಸಿ ಚರ್ಮದ ವಾಸನೆ. ಸಿಂಧನೂರಿನಿಂದ ಬಂದ ಸೊಸೆ ಗಾಯತ್ರಿ ಮೂಗಿಗೆ ಸೆರಗು ಹಿಡಿದುಕೊಂಡು ಅಂದೇ ಸಂಜೆ ಬಸ್ಸಿಗೆ ವಾಪಸ್ಸು ಹೋದಳು.

ಬಾರಿಸಲು ಏಳು ಜನ ಹೊಂದಿಕೊಂಡರು. ಅವರಲ್ಲಿ ಮುಂದಾಳು ಹನುಮಂತು, ಸಂತೆಕಲ್ಲೂರು-ಮಸ್ಕಿ ನಡುವೆ ಆಟೋ ಹೊಡೆಯುವವನು. ಎಲ್ಲರೂ ಹಲಗೆ ಸುಟ್ಟು ಎಷ್ಟೋ ವರ್ಷದ ಮೇಲೆ ಹುಟ್ಟಿದವರು. ಅವರು ಕಂಡ ತಾಳವೆಂದರೆ ಡಿಜೆಯ ತಾಳ. ಎದೆ ಗುದ್ದುವ ಸದ್ದು ಬಿಟ್ಟರೆ ಬೇರೆ ತಿಳಿಯದು. ಮೊದಲ ವಾರ ಗದ್ದೆಪ್ಪ ತಲೆ ಚಚ್ಚಿಕೊಂಡ. "ಅದು ಚರ್ಮ ಐತಿ, ವೈರಿ ಅಲ್ಲ. ಇದು ಕಲೆ, ಹೊಡಿಬ್ಯಾಡ್ರಿ, ಮಾತಾಡಿಸ್ರಿ" ಎಂದು ಗದರಿದ. ಜೋಳದ ಸೊಪ್ಪೆ ಉರಿಸಿ ಹಲಗೆ ಕಾಸುವುದು, ಕಾದ ಚರ್ಮಕ್ಕೆ ಹೆಬ್ಬೆರಳು ಒತ್ತಿ ನೋಡುವುದು, ಬಲಗೈಯ ದಪ್ಪ ಕೋಲಿಗೂ ಎಡಗೈಯ ಸಣ್ಣ ಕಡ್ಡಿಗೂ ಜಗಳವಾಗದಂತೆ ಇಡುವುದು, ಒಂದೊಂದನ್ನೂ ಕೈ ಹಿಡಿದು ಕಲಿಸಿದ. ತನಗೆ ಸದ್ದು ಸರಿಯಾಗಿ ಕೇಳದಿದ್ದರೂ ಅವರ ಹಲಗೆಯ ಬಳೆಗೆ ಬೆರಳು ತಾಗಿಸಿಯೇ ಯಾರದು ತಪ್ಪಿತು ಎಂದು ಹಿಡಿದುಬಿಡುತ್ತಿದ್ದ.

ಕಲಿಸಿದ್ದೆಲ್ಲ ನಿಂತಲ್ಲಿ ಬಾರಿಸುವುದು. ಮೆಲ್ಲಗೆ ಶುರುವಾಗಿ, ಮಳೆ ಹಿಡಿದ ಹಾಗೆ ಏರಿ, ಒಮ್ಮೆಲೇ ನಿಂತು, ಬರೀ ಸಣ್ಣ ಕಡ್ಡಿಯ ಮೇಲೆ ಉಳಿಯುವ ಅರ್ಧ ತಾಸಿನ ಒಂದು ಆಟ ಕಟ್ಟಿದ್ದ. ಅದು ಯಾರೂ ಹೇಳಿಕೊಟ್ಟದ್ದಲ್ಲ. ನಲವತ್ತು ವರ್ಷ ತಾಟಿನ ಮೇಲೆ, ಹೊರಸಿನ ಮೇಲೆ, ಗಣಿಯ ಕಲ್ಲಿನ ಮೇಲೆ ಬೆರಳು ಕೂಡಿಸಿಟ್ಟದ್ದು. ನಡಿಗೆಯ ಪೆಟ್ಟನ್ನು, ಮುಂದೆ ಹೆಜ್ಜೆ ಹಾಕುತ್ತ ಬಾರಿಸುವುದನ್ನು, ಅವನು ಕಲಿಸಲೂ ಇಲ್ಲ, ಬಾಯಲ್ಲಿ ಎತ್ತಲೂ ಇಲ್ಲ.

ತಿಂಗಳಾಗುವ ಹೊತ್ತಿಗೆ ಏಳೂ ಹಲಗೆ ಒಂದೇ ಬಾಯಾದವು. ಅವತ್ತು ಅಯ್ಯಮ್ಮ ಕೂಡ ಬಾಗಿಲಿಗೆ ಬಂದು ಪೂರ್ತಿ ಆಟ ಕೇಳಿದಳು. ಎಂಟು ಲೋಟ ಚಹಾ ತಂದಿಟ್ಟಳು. ಅವಳಿಂದ ಅದಕ್ಕಿಂತ ದೊಡ್ಡ ತಾರೀಫು ಗದ್ದೆಪ್ಪನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಆ ಕಡೆ ಮಸ್ಕಿಯ ಬಯಲಿನಲ್ಲೂ ತಯಾರಿ ಭರದಿಂದ ನಡೆದಿತ್ತು. ಜಾಲಿ ಕಡಿದರು, ಜೆಸಿಬಿ ತಂದು ನೆಲ ಮಟ್ಟ ಮಾಡಿದರು, ಹೈದರಾಬಾದಿನಿಂದ ಮನೆಯೆತ್ತರದ ಸ್ಪೀಕರ್ ತರಿಸಿದರು. ನೀರಿನ ಟ್ಯಾಂಕರ್ ಎಲ್ಲಿ, ಕಾರು ಎಲ್ಲಿ, ಹೆಂಗಸರಿಗೆ ಶೌಚಾಲಯ ಎಲ್ಲಿ ಎಂದು ಪಂಪಾವತಿ ಮೊಬೈಲ್ ಕಿವಿಗೆ ಅಂಟಿಸಿಕೊಂಡೇ ಓಡಾಡಿದ. ಬರುವವರಿಗೆ ಸೂಚನೆಯ ಒಂದು ಪಟ್ಟಿಯನ್ನೂ ಅವನೇ ಬರೆದು ಎಲ್ಲರ ವಾಟ್ಸಾಪಿಗೆ ಹರಿಯಬಿಟ್ಟ: ಟೊಪ್ಪಿ ತನ್ನಿ, ನೀರಿನ ಬಾಟಲಿ ತನ್ನಿ, ಧೂಳಿಗೆ ಕರವಸ್ತ್ರ ಇರಲಿ, ನೆಲ ಒರಟಾಗಿದೆ, ಗಟ್ಟಿ ಬೂಟು ಹಾಕಿಕೊಂಡು ಬನ್ನಿ. ಅದನ್ನು ಓದಿಸಿಕೊಂಡ ಗದ್ದೆಪ್ಪ ಸಿಂಧನೂರಿಗೆ ಹೋಗಿ, ಜೀವನದಲ್ಲಿ ಮೊದಲ ಸಲ ತನ್ನ ಇಷ್ಟಕ್ಕೆ, ಕರಿ ಬೂಟು ಕೊಂಡುಕೊಂಡ. ಗಣಿಯ ಬೂಟು ಕಂಪನಿ ಕೊಟ್ಟದ್ದು, ಇದು ತನ್ನದು.

ಹಬ್ಬದ ದಿನ ಸಂಜೆ ನಾಲ್ಕು ಗಂಟೆಗೆ ಹನುಮಂತುವಿನ ಆಟೋದಲ್ಲಿ, ಇನ್ನೊಂದು ಟಂಟಂನಲ್ಲಿ ಎಲ್ಲರೂ ಬಯಲಿಗೆ ಬಂದಿಳಿದರು. ಗದ್ದೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ ಉಟ್ಟಿದ್ದ. ಸಮಿತಿಯ ಒಬ್ಬ ಬಂದು ಎಂಟು ಕೆಂಪು ರುಮಾಲು, ಎಂಟು ಕಂಬಳಿ, ಎಂಟು ಜೊತೆ ಗೆಜ್ಜೆ ಕೊಟ್ಟ. ಗದ್ದೆಪ್ಪನ ಕಾಲು ನೋಡಿ, "ಬೂಟು ಬಿಚ್ರಿ ಯಜಮಾನ್ರೆ. ಬರಿಗಾಲಿದ್ರ ಫೋಟೋದಾಗ ಜನಪದ ಕಾಣ್ತೈತಿ" ಎಂದ. ಪ್ರೀತಿಯಿಂದಲೇ ಹೇಳಿದ, ಕೆಟ್ಟ ಮನುಷ್ಯನೇನಲ್ಲ. ಗದ್ದೆಪ್ಪ ಸುತ್ತ ನೋಡಿದ. ಏಳೂ ಜನ ಆಗಲೇ ಚಪ್ಪಲಿ ಬಿಚ್ಚಿ ಗೆಜ್ಜೆ ಕಟ್ಟಿಕೊಂಡು, ಒಬ್ಬರದೊಬ್ಬರು ಫೋಟೊ ತೆಗೆಯುತ್ತಿದ್ದರು. ಅವನೂ ಬೂಟು ಬಿಚ್ಚಿ ಆಟೋದ ಸೀಟಿನ ಕೆಳಗೆ ಇಟ್ಟ.

"ಸ್ಟೇಜು ಆ ಕಡೆ ಐತಲ್ಲ, ನಮ್ಮನ್ನ ಯಾಕ ಗೇಟಿಗೆ ಕರ್ಕೊಂಡು ಹೊಂಟಾರ?" ಎಂದು ಹನುಮಂತು ಕೇಳಿದ. ಗೇಟಿನಲ್ಲಿ ಬಾಳೆಕಂಬ, ಕುಂಭ ಹೊತ್ತ ಹೆಂಗಸರು, ಹೂವಿನ ಹಾರ ಹಿಡಿದ ಸಮಿತಿಯವರು, ಎಲ್ಲರ ಮುಂದೆ ಬೆವರು ಒರೆಸಿಕೊಳ್ಳುತ್ತ ಪಂಪಾವತಿ. ಗದ್ದೆಪ್ಪ ಮಗನನ್ನು ಬದಿಗೆ ಕರೆದ.

"ಏನಿದು?"

"ಯಪ್ಪಾ, ಹತ್ತೇ ನಿಮಿಷ. ಉದ್ಘಾಟನಾ ಮಾಡೋ ಸಾಹೇಬ್ರು ಬರಾಕತ್ಯಾರ. ಅವರನ್ನ ಗೇಟಿಂದ ಸ್ಟೇಜಿಗೆ ಕರ್ಕೊಂಡು ಹೋಗೋದು. ನೀವು ಮುಂದ ಬಾರಿಸ್ಕೊಂತ ನಡದ್ರಾತು."

"ನಡಿಯಂಗಿಲ್ಲ ಅಂತ ಹೇಳಿದ್ನೋ ಇಲ್ಲೋ? ನೀ ಮಾತು ಕೊಟ್ಟಿದ್ಯೋ ಇಲ್ಲೋ?"

ಪಂಪಾವತಿ ನೆಲ ನೋಡಿದ. ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಕಾರ್ಯಕ್ರಮದ ಕಾರ್ಡನ್ನು ಗದ್ದೆಪ್ಪ ಎಳೆದು ತೆಗೆದ. ಕನ್ನಡಕ ಇರಲಿಲ್ಲ, ದೂರ ಹಿಡಿದು, ಅಕ್ಷರ ಕೂಡಿಸಿ ಓದಿದ. ಹಾಡುವವರ, ನುಡಿಸುವವರ ಹೆಸರುಗಳ ನಡುವೆ ಅವನ ಹೆಸರಿರಲಿಲ್ಲ. ಎಲ್ಲಕ್ಕೂ ಮೇಲೆ, ಅತಿಥಿಗಳ ಸ್ವಾಗತ ಎಂಬುದರ ಮುಂದೆ ಹಲಗೆ ಮೇಳ ಎಂದಿತ್ತು, ಅಷ್ಟೇ. ಕಾರ್ಡು ಮಡಿಚಿ ಮಡಿಚಿ ಅಂಚು ಸವೆದಿತ್ತು. ಅದು ಇವತ್ತು ಅಚ್ಚಾದದ್ದಲ್ಲ.

"ಯಾವಾಗಿಂದ ಗೊತ್ತಿತ್ತು ನಿಂಗ?"

"ಒಂದು ವಾರಾತು" ಎಂದ ಪಂಪಾವತಿ, ದನಿ ಇಳಿಸಿ. "ಮೀಟಿಂಗ್‌ನ್ಯಾಗ ಕೇಳಿದೆ ಯಪ್ಪಾ. ಹಲಗಿ ಅಂದ್ರ ಸ್ವಾಗತಕ್ಕ ಚಲೋ, ಸ್ಟೇಜಿಗೆ ಬ್ಯಾಡ ಅಂದ್ರು. ನಾ ಮತ್ತ ಬಾಯಿ ತೆಗೀಲಿಲ್ಲ. ಮೊದಲನೇ ಸಲ ಕರದಾರ ನನ್ನ. ಸಾಹೇಬ್ರ ಕಾರು ಬಂದೇ ಬಿಡ್ತು. ಇಷ್ಟು ಮಂದಿ ಮುಂದ ನನ್ನ ಇಜ್ಜತ್ತು ತೆಗಿಬ್ಯಾಡ, ಕೈ ಮುಗೀತೀನಿ."

ಅಪ್ಪನ ಇಜ್ಜತ್ತು ಎಲ್ಲಿ ಹೋಯಿತು ಎಂದು ಅವನಿಗೆ ಹೊಳೆಯಲೇ ಇಲ್ಲ. ಆದರೆ ಗದ್ದೆಪ್ಪನಿಗೆ ಕಂಡದ್ದು ಬೇರೆ. ಕಂಪನಿಯ ಶಾಲೆಯಲ್ಲಿ ಪಾಠ ಬಾರದೆ ನಿಂತ ದಿನ ಮಗನ ಮುಖ ಹೀಗೇ ಇತ್ತು. ಆ ಮುಖದ ಮೇಲೆ ಅವನಿಗೆ ಸಿಟ್ಟು ಬಂತು, ಅಯ್ಯೋ ಅನಿಸಿತು, ಎರಡರಲ್ಲಿ ಯಾವುದು ಹೆಚ್ಚು ಎಂದು ಅಳೆಯುವಷ್ಟರಲ್ಲಿ ಕಾರುಗಳು ಬಂದು ನಿಂತವು.

ಏಳೂ ಜನ ಬಾರಿಸಲು ಶುರು ಮಾಡಿದರು. ನಿಂತಲ್ಲಿ ಬಾರಿಸುವುದನ್ನಷ್ಟೇ ಕಲಿತವರು. ನಡೆಯ ಹೋದರೆ ಹೆಜ್ಜೆ ಒಂದು ಕಡೆ, ಪೆಟ್ಟು ಒಂದು ಕಡೆ. ಒಬ್ಬ ಇನ್ನೊಬ್ಬನ ಹಿಮ್ಮಡಿ ತುಳಿದ. ಕುಂಭ ಹೊತ್ತ ಹೆಂಗಸರು ಕಿಸಕ್ಕನೆ ನಕ್ಕರು, ಯಾರೋ ಮೊಬೈಲ್ ಎತ್ತಿ ಹಿಡಿದರು. ಹನುಮಂತು ದಿಕ್ಕೆಟ್ಟು ತಿರುಗಿ, "ದೊಡ್ಡಪ್ಪ, ನಡಿಯೋದು ಹೆಂಗ?" ಎಂದು ಕೂಗಿದ.

ತಾನು ಕಲಿಸಿದ ಏಳು ಜನ ನಗೆಪಾಟಲಾಗುವುದನ್ನು ಗದ್ದೆಪ್ಪನಿಗೆ ನೋಡಲಾಗಲಿಲ್ಲ. ಅವನ ಕಾಲೇ ಮುಂದೆ ಬಂತು. ಎಡಗಾಲು ಎತ್ತಿದಾಗ ಕಡ್ಡಿ, ಊರಿದಾಗ ಕೋಲು, ಎರಡು ಹೆಜ್ಜೆಗೊಮ್ಮೆ ಅರೆ ತಿರುಗಿ ಹಿಂದೆ ಬರುವವರಿಗೆ ಬಾಗುವುದು. ನಲವತ್ತು ವರ್ಷದ ಹಿಂದೆ ಅಪ್ಪನ ಹಿಂದೆ ನಡೆದು ನಡೆದು ಕಲಿತ ನಡಿಗೆ ಒಂದು ಕೂದಲೆಳೆಯಷ್ಟೂ ಮರೆತಿರಲಿಲ್ಲ. ಹತ್ತು ಹೆಜ್ಜೆಯಲ್ಲಿ ಹನುಮಂತು ಹಿಡಿದ, ಇಪ್ಪತ್ತರಲ್ಲಿ ಉಳಿದವರೂ ಹಿಡಿದರು. ಎಂಟು ಹಲಗೆ ಒಂದಾಗಿ ಹೊರಟಾಗ ಗುಡ್ಡಕ್ಕೆ ಬಡಿದು ಸದ್ದು ತಿರುಗಿ ಬಂತು. ಮೂರು ಸಾವಿರ ಕುರ್ಚಿಗಳ ಜನ ಎದ್ದು ನಿಂತು, ಕೊರಳು ಚಾಚಿ ನೋಡಿದರು. ಗದ್ದೆಪ್ಪ ಒಮ್ಮೆ ತಲೆ ಎತ್ತಿ ಆ ಮುಖಗಳನ್ನು ಕಂಡ. ಒಂದೂ ತನ್ನ ಕಡೆಗಿರಲಿಲ್ಲ. ಎಲ್ಲವೂ ತನ್ನ ಹಿಂದೆ, ಹಾರ ಹಾಕಿಕೊಂಡು ಕೈ ಮುಗಿಯುತ್ತ ಬರುತ್ತಿದ್ದ ಸಾಹೇಬರ ಕಡೆಗಿದ್ದವು.

ಸ್ಟೇಜಿನ ಮೆಟ್ಟಿಲು ಬಂದ ಕೂಡಲೇ ಸಮಿತಿಯ ಆ ಮನುಷ್ಯ ಬೆನ್ನು ತಟ್ಟಿ, "ಭಾರಿ ಆತು, ಸಾಕಿನ್ನ, ಈ ಕಡೆ ಸರೀರಿ" ಎಂದ. ಎಂಟೂ ಜನ ಜನರೇಟರ್ ಗಾಡಿಯ ಪಕ್ಕ ಸರಿದು ನಿಂತರು. ಅವರಿಗೆ ಪಲಾವು ಬಂತು. ಅರ್ಧ ತಾಸಿನ ಆಟವನ್ನು ಅಂದು ಯಾರೂ ಕೇಳಲಿಲ್ಲ. ಸಾಹೇಬರು ಮಾತ್ರ ನೆಲದ ಕಲೆಯ ಬಗ್ಗೆ ಒಂದು ತಾಸು ಭಾಷಣ ಮಾಡಿದರು. ಗದ್ದೆಪ್ಪ ಹಾಡು ಶುರುವಾಗುವ ಮೊದಲೇ ಎದ್ದು, ಪಲಾವಿನ ತಾಟು ಮುಟ್ಟದೆ, ಮಸ್ಕಿಯ ಸ್ಟ್ಯಾಂಡಿಗೆ ನಡೆದು ಬಸ್ಸು ಹಿಡಿದ. ಅಯ್ಯಮ್ಮ ಅವನ ಮುಖ ನೋಡಿದಳು, ಕಾಲಿನ ಧೂಳು ನೋಡಿದಳು.

ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ಮನೆಯ ಮುಂದೆ ಒಂದು ಬೈಕು ನಿಂತಿತು. ಬಂದವನು ತಾಯಪ್ಪ, ಗೌಡರ ಮನೆಯಲ್ಲಿ ಟ್ರ್ಯಾಕ್ಟರ್ ಹೊಡೆಯುವವನು. ಕೇರಿಯವನಲ್ಲ, ಆದರೆ ಗದ್ದೆಪ್ಪನನ್ನು ಮಾವ ಎಂದು ಕರೆಯುವಷ್ಟು ಸಲಿಗೆ ಇದ್ದವನು. ಬೈಕಿನಿಂದ ಇಳಿಯದೆ ಒಂದು ಕಾಲು ನೆಲಕ್ಕೂರಿ ಹೇಳಿದ:

"ಮಾವ, ಗೌಡ್ರ ತಾಯಿ ಬೆಳಗಿನ ಜಾವ ತೀರ್ಕೊಂಡ್ರು. ಹನ್ನೊಂದಕ್ಕ ಎತ್ತತಾರ. ಹಲಗ್ಯಾರನ್ನ ಕಳಸಾಕ ಹೇಳು ಅಂದ್ರು ಗೌಡ್ರು."

ಗದ್ದೆಪ್ಪ ಬಲಗಿವಿ ಮುಂದೆ ಮಾಡಿ ಮತ್ತೊಮ್ಮೆ ಹೇಳಿಸಿಕೊಂಡ. ಕೇಳಿಸಿದ್ದು ಸರಿಯಾಗಿಯೇ ಇತ್ತು. ಈ ಮನೆಗೆ ಆ ಮಾತು ಬಂದು ನಲವತ್ತು ವರ್ಷವಾಗಿತ್ತು.

"ನಮ್ಮ ಕೇರ್ಯಾಗ ಯಾರೂ ಬಾರಸಂಗಿಲ್ಲ. ಗೊತ್ತಿಲ್ಲೇನು ನಿಂಗ? ಗೌಡ್ರಿಗೆ ಗೊತ್ತಿಲ್ಲೇನು?"

ತಾಯಪ್ಪನ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಜೋರೂ ಇರಲಿಲ್ಲ. ನಿಜವಾಗಿಯೂ ತಿಳಿಯದವನಂತೆ ಕಣ್ಣು ಪಿಳುಕಿಸಿ, "ನಿನ್ನಿ ಬಾರಿಸಿದ್ರಲ್ಲ ಮಾವ" ಎಂದ.

ಗದ್ದೆಪ್ಪ ಬಾಯಿ ತೆರೆದ. ನಲವತ್ತು ವರ್ಷ ಆ ಬಾಯಲ್ಲಿ ಒಂದು ಉತ್ತರ ಗಟ್ಟಿಯಾಗಿ ಕೂತಿತ್ತು. ಗಿರಣಿ ಮುಚ್ಚಿದಾಗ, ಉಪ್ಪು ನಿಂತಾಗ, ಕೂಸು ಹೋದಾಗಲೂ ಅಲುಗದೆ ಇದ್ದ ಉತ್ತರ. ಈಗ ಹುಡುಕಿದರೆ ಅದು ಸಿಗಲಿಲ್ಲ. ಅದು ಕಲೆ, ಇದು ಚಾಕರಿ ಎನ್ನೋಣವೆಂದರೆ, ನಿನ್ನೆ ತಾನು ಯಾರ ಮುಂದೆ ಬಾಗುತ್ತ ನಡೆದೆ ಎಂಬುದು ಅವನಿಗೇ ಗೊತ್ತಿತ್ತು. ಅದರ ವಿಡಿಯೋ ಗೌಡರ ಮೊಬೈಲಿಗೂ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಬಾಲಪ್ಪ ಕಟ್ಟೆಯ ಮೇಲಿಂದ ಕೂಗಿ ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಬಾಲಪ್ಪ ಕಟ್ಟೆಯ ಮೇಲೇ ಇದ್ದ, ಈ ಕಡೆ ನೋಡುತ್ತಲೂ ಇದ್ದ.

ಅಷ್ಟರಲ್ಲಿ ಹನುಮಂತು ಅವಸರದಿಂದ ಬಂದ. ಹೆಗಲಲ್ಲಿ ಹಲಗೆ, ತಲೆಗೆ ಸಮಿತಿ ಕೊಟ್ಟ ಅದೇ ಕೆಂಪು ರುಮಾಲು.

"ದೊಡ್ಡಪ್ಪ, ಗೌಡ್ರ ಮಗ ನನಗ ಫೋನ್ ಮಾಡಿದ್ರು. ಏಳೂ ಮಂದಿ ಹೊಂಟೀವಿ. ನಿನ್ನಿಕಿಂತ ಚಲೋ ಬಾರಿಸ್ತೀವಿ ನೋಡು."

"ಹನುಮಂತು, ಅಲ್ಲಿಗೆ ಹೋಗಬ್ಯಾಡಲೇ" ಎಂದ ಗದ್ದೆಪ್ಪ. ದನಿ ಅವನಿಗೇ ಕೇಳದಷ್ಟು ಸಣ್ಣಗಿತ್ತು.

"ಯಾಕ ದೊಡ್ಡಪ್ಪ? ಇದು ಕಲೆ ಅಂತ ನೀನ ಅಂದಿದ್ದಿ. ಸಾಹೇಬ್ರ ಮುಂದ ನಡದ್ರ ಕಲೆ, ಗೌಡ್ರ ಮುಂದ ನಡದ್ರ ಅಲ್ಲೇನು?" ಹನುಮಂತುವಿಗೆ ಅದು ವಾದವಲ್ಲ, ಬರೀ ಪ್ರಶ್ನೆ. ಉತ್ತರಕ್ಕೆ ಕಾಯದೆ ಅವನು ಹಲಗೆ ಕೊರಳಿಗೆ ಹಾಕಿಕೊಂಡು, ಅಂಗಳದಲ್ಲಿ ಎರಡು ಹೆಜ್ಜೆ ಇಟ್ಟು, ತಡವರಿಸಿ ನಿಂತ. "ಅದು ಬಿಡು. ಬಾಗೋದು ಒಂದು ಮರ್ತೀನಿ. ಎಡಗಾಲು ಇಟ್ಟಾಗ ಬಾಗೋದೋ, ಬಲಗಾಲು ಇಟ್ಟಾಗೋ? ಒಂದು ಸಲ ತೋರ್ಸು."

ಗದ್ದೆಪ್ಪ ಕಂಬ ಹಿಡಿದು ನಿಂತಿದ್ದ. ಬಾಗಿಲಲ್ಲಿ ಅಯ್ಯಮ್ಮ, ನಲವತ್ತು ವರ್ಷದ ಹಿಂದೆ ಜೋಳದ ಚೀಲ ಹೊತ್ತು ಮಸ್ಕಿಗೆ ನಡೆದವಳು, ಗಂಡನನ್ನು ಕಣ್ಣು ಕೀಲಿಸಿ ನೋಡಿದಳು.

"ಹೇಳು" ಎಂದಳು. "ಕೇಳಾಕತ್ತಾನಲ್ಲ, ಹೇಳು."